ಲೇಹ್‌ನಲ್ಲಿ ನನ್ನ ಬ್ಯಾಗ್ ಯಾಕೆ ಬಿಟ್ಟು ಬಂದಿರಿ?

ಹೋದ ಸಂಚಿಕೆಯಲ್ಲಿ ವಿಮಾನದ ಲೋಡ್‌ಶೀಟ್ ಬಗ್ಗೆ ಬರೆಯುವಾಗ, ನಾನು ಕೆಲವು ವರ್ಷ ಲೇಹ್ ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡಿದ್ದೆ ಅಂತ ಒಂದೇ ಒಂದು ಸಾಲು ಹಾಕಿದ್ದೆ. ಆ ಸಾಲಿಗೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಅದಕ್ಕೇ ಈ ಸಲದ ಅಂಕಣ ಪೂರ್ತಿ ಆ ಊರಿಗೆ. ಮೊದಲೇ ಹೇಳಿಬಿಡುತ್ತೇನೆ, ನಾನು ಪೈಲಟ್ ಅಲ್ಲ. ಒಂದು ವಿಮಾನ ಸಂಸ್ಥೆಯಲ್ಲಿ ಲೋಡ್ ಅಂಡ್ ಟ್ರಿಮ್ ನೋಡಿಕೊಳ್ಳುತ್ತಿದ್ದವಳು. ಎಷ್ಟು ಜನ, ಎಷ್ಟು ಬ್ಯಾಗ್, ಎಷ್ಟು ಇಂಧನ, ಯಾವುದು ವಿಮಾನದ ಯಾವ ಭಾಗದಲ್ಲಿ ಅಂತ ಲೆಕ್ಕ ಹಾಕಿ ಕ್ಯಾಪ್ಟನ್ ಕೈಗೆ ಶೀಟ್ ಕೊಡುವುದು ನನ್ನ ಕೆಲಸವಾಗಿತ್ತು.

ಪ್ರಶ್ನೆ: ಮೇಡಂ, ಹೋದ ಜೂನ್‌ನಲ್ಲಿ ನಾನು, ನಮ್ಮ ಯಜಮಾನರು ಲೇಹ್‌ನಿಂದ ದೆಹಲಿಗೆ ಬಂದೆವು. ನಾವು ಬಂದೆವು, ಬ್ಯಾಗ್ ಬರಲಿಲ್ಲ. ಎರಡು ದಿನ ಬಿಟ್ಟು ಬಂತು. ವಿಮಾನದಲ್ಲಿ ಹಿಂದಿನ ಸಾಲುಗಳು ಖಾಲಿ ಇದ್ದದ್ದನ್ನು ಕಣ್ಣಾರೆ ನೋಡಿದ್ದೇನೆ. ಜಾಗ ಇಟ್ಟುಕೊಂಡು ಬ್ಯಾಗ್ ಬಿಟ್ಟು ಬರುವುದು ಯಾವ ನ್ಯಾಯ?
– ನಿವೃತ್ತ ಶಿಕ್ಷಕಿ, ಧಾರವಾಡ

ಉತ್ತರ: ಟೀಚರ್, ಇದೇ ಪ್ರಶ್ನೆಯನ್ನು ಕೌಂಟರ್‌ನ ಆಚೆ ನಿಂತು ನನಗೆ ಎಷ್ಟು ಜನ ಕೇಳಿದ್ದಾರೋ ಲೆಕ್ಕವಿಲ್ಲ. ಆಗ ಹಿಂದೆ ಕ್ಯೂ ಇರುತ್ತಿತ್ತು, ಸರಿಯಾಗಿ ಹೇಳಲು ಆಗುತ್ತಿರಲಿಲ್ಲ. ಈಗ ಹೇಳುತ್ತೇನೆ.

ಅಲ್ಲಿ ನಾವು ಜಾಗ ನೋಡುವುದಿಲ್ಲ, ತೂಕ ನೋಡುತ್ತೇವೆ. ಲೇಹ್‌ನ ರನ್‌ವೇ ಇರುವುದು ಸಮುದ್ರ ಮಟ್ಟದಿಂದ 3,256 ಮೀಟರ್ ಎತ್ತರದಲ್ಲಿ. ಮಂಗಳೂರಿನ ಕಡಲ ತೀರದಲ್ಲಿ ಗಾಳಿಯ ಒತ್ತಡ ಎಷ್ಟಿದೆಯೋ, ಅಲ್ಲಿ ಅದರ ಮೂರರಲ್ಲಿ ಎರಡು ಪಾಲು ಮಾತ್ರ. ವಿಮಾನವನ್ನು ಮೇಲೆತ್ತುವುದು ರೆಕ್ಕೆಯ ಸುತ್ತ ಹರಿಯುವ ಗಾಳಿ. ಎಂಜಿನ್ ಉಸಿರಾಡುವುದೂ ಅದೇ ಗಾಳಿ. ಗಾಳಿ ತೆಳುವಾದರೆ ಎರಡಕ್ಕೂ ಪೆಟ್ಟು. ಅಷ್ಟೇ ಭಾರವನ್ನು ಎತ್ತಬೇಕಾದರೆ ವಿಮಾನ ಇನ್ನೂ ಜೋರಾಗಿ ಓಡಬೇಕು, ಆದರೆ ಜೋರಾಗಿ ತಳ್ಳಬೇಕಾದ ಎಂಜಿನ್‌ಗೇ ಶಕ್ತಿ ಕಡಿಮೆ. ಕಡಲ ತೀರದ ಊರಲ್ಲಿ ಗಂಟೆಗೆ 240 ಕಿ.ಮೀ. ವೇಗದಲ್ಲಿ ನೆಲ ಬಿಡುವ ವಿಮಾನ, ಅಷ್ಟೇ ತೂಕ ಹೊತ್ತು ಲೇಹ್‌ನ ಬೇಸಿಗೆಯ ಹಗಲಿನಲ್ಲಿ ಏಳಬೇಕಾದರೆ 300 ಕಿ.ಮೀ. ಹತ್ತಿರ ಹೋಗಬೇಕು.

ಇದರ ಮೇಲೆ ಬಿಸಿಲು. ಬಿಸಿಯಾದ ಗಾಳಿ ಇನ್ನೂ ತೆಳುವಾಗುತ್ತದೆ. ಒಂದೊಂದು ಡಿಗ್ರಿ ಏರಿದ ಹಾಗೂ ವಿಮಾನ ಹೊರಬಹುದಾದ ತೂಕ ಇಳಿಯುತ್ತಾ ಹೋಗುತ್ತದೆ. 2024ರ ಜುಲೈ ಕೊನೆಯಲ್ಲಿ ಲೇಹ್‌ನಲ್ಲಿ ಸೆಕೆ ಎಷ್ಟು ಜಾಸ್ತಿಯಾಯಿತು ಅಂದರೆ, ಕೆಲವು ವಿಮಾನಗಳನ್ನೇ ರದ್ದು ಮಾಡಬೇಕಾಯಿತು.

ಇನ್ನೊಂದು ವಿಷಯ ಇದೆ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು. ನಾವು ಹಾಕುವ ತೂಕದ ಲೆಕ್ಕ ಎರಡೂ ಎಂಜಿನ್ ಚೆನ್ನಾಗಿ ಓಡುವ ದಿನಕ್ಕಲ್ಲ. ಟೇಕಾಫ್ ಆಗುತ್ತಿರುವಾಗಲೇ ಒಂದು ಎಂಜಿನ್ ನಿಂತುಹೋದರೆ, ಉಳಿದ ಒಂದರಲ್ಲೇ ವಿಮಾನ ಏರಿ, ಎರಡೂ ಕಡೆಯ ಬೆಟ್ಟಗಳ ನಡುವೆ ಸಿಂಧೂ ಕಣಿವೆ ಹಿಡಿದು ಸುರಕ್ಷಿತವಾಗಿ ಹೋಗಬೇಕು. ಆ ದಿನಕ್ಕೆ ಹಾಕುವ ಲೆಕ್ಕ ಅದು. ನೀವು ಸೀಟಿನಲ್ಲಿ ಕೂತು ಕಿಟಕಿಯಲ್ಲಿ ನೋಡುತ್ತೀರಲ್ಲ, ಆ ಬೆಟ್ಟಗಳು ನಿಮ್ಮ ಬೋರ್ಡಿಂಗ್ ಪಾಸ್ ಆಗುವ ಮೊದಲೇ ನಮ್ಮ ಲೆಕ್ಕದೊಳಗೆ ಬಂದಿರುತ್ತವೆ.

ಈಗ ನಿಮ್ಮ ಜೂನ್ ತಿಂಗಳಿಗೆ ಬರೋಣ. ಏಳು ಗಂಟೆಗೆ ಲೇಹ್‌ನಿಂದ ಹೊರಡಬೇಕಾದ ವಿಮಾನ, ದೆಹಲಿಯಿಂದ ಬರುವುದೇ ತಡವಾಗಿ, ಹತ್ತಕ್ಕೆ ಹೊರಟಿತು ಅಂದುಕೊಳ್ಳಿ. ಏಳಕ್ಕೆ ಹಾಕಿದ್ದ ಲೆಕ್ಕ ಹತ್ತಕ್ಕೆ ನಿಲ್ಲುವುದಿಲ್ಲ. ಸಾವಿರ ಕಿಲೋ ಇಳಿಸಿ ಅಂತ ಬಂದರೆ, 15 ಕಿಲೋದ 67 ಬ್ಯಾಗ್ ಕೆಳಗಿಳಿಯಬೇಕು. ಇಂಧನ ಮುಟ್ಟುವಂತಿಲ್ಲ. ಜನರನ್ನು ಇಳಿಸುವುದಕ್ಕಿಂತ ಬ್ಯಾಗ್ ಇಳಿಸುವುದು ವಾಸಿ ಅಲ್ವಾ? ಹಿಂದಿನ ಸಾಲು ಖಾಲಿ ಇದ್ದದ್ದು ಕೂಡ ಇದೇ ಕಾರಣಕ್ಕೆ ಇರಬಹುದು. ಬೇಸಿಗೆಯಲ್ಲಿ ಅಲ್ಲಿಂದ ಹೊರಡುವಾಗ ಎಲ್ಲ ಸೀಟು ತುಂಬುವುದು ಸುಲಭವಲ್ಲ.

ಆದರೂ ನಿಮ್ಮ ಕೋಪದಲ್ಲಿ ಅರ್ಧ ನ್ಯಾಯ ಇದೆ. ಬ್ಯಾಗ್ ಬಿಟ್ಟದ್ದು ಸರಿ. ನಿಮಗೆ ಹೇಳದೆ ಬಿಟ್ಟದ್ದು ತಪ್ಪು. ನಾನೂ ಆ ತಪ್ಪು ಮಾಡಿದ್ದೇನೆ. ಒಂದು ಜುಲೈ ಬೆಳಿಗ್ಗೆ, ಸೆಕೆ ಏರುತ್ತಿತ್ತು, ಕ್ಯಾಪ್ಟನ್ ಕೆಳಗಿಳಿದು ಬಂದು ಇನ್ನೂ ತೂಕ ಇಳಿಸಿ ಅಂದರು. ನಾನು ಹಿಂದಿನ ಟ್ರಾಲಿ ಪೂರ್ತಿ ಆಫ್‌ಲೋಡ್ ಮಾಡಿಸಿದೆ. ಬಾಗಿಲು ಹಾಕುವ ಹೊತ್ತಿಗೆ ಗಗನಸಖಿ ಓಡಿಬಂದಳು. ಒಳಗೆ ಒಬ್ಬ ಹಿರಿಯರು ಇನ್ಸುಲಿನ್ ಬ್ಯಾಗಿನಲ್ಲೇ ಇಟ್ಟಿದ್ದಾರಂತೆ. ಸುಮ್ನೆ ಮಾತಿಗೆ ಪಕ್ಕದವರ ಹತ್ತಿರ ಹೇಳಿದ್ದರಿಂದ ಗೊತ್ತಾಯಿತು. ಆ ಎತ್ತರದಲ್ಲಿ ಓಡಿದರೆ ಎದೆ ಹೇಗೆ ಬಡಿಯುತ್ತದೆ ಅಂತ ಅವತ್ತು ತಿಳಿಯಿತು. ಟ್ರಾಲಿಯ ಅಡಿಯಲ್ಲಿದ್ದ ನೀಲಿ ಬ್ಯಾಗ್ ಹುಡುಕಿ, ತೆಗೆಸಿ, ಆ ಡಬ್ಬಿ ಅವರ ಕೈಗೆ ಕೊಟ್ಟೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ನನಗೆ ನಾಚಿಕೆಯಾಯಿತು. ಚೆಕ್-ಇನ್‌ನಲ್ಲೇ ಒಂದು ಮಾತು ಕೇಳಬೇಕಿತ್ತು. ಅವತ್ತಿನಿಂದ ನಾನು ಆ ಊರು ಬಿಡುವವರೆಗೂ, ಬ್ಯಾಗ್ ತೂಕಕ್ಕೆ ಇಟ್ಟ ಪ್ರತಿಯೊಬ್ಬರನ್ನೂ ಔಷಧಿ ಕೈಯಲ್ಲಿದೆಯಾ ಅಂತ ಕೇಳುತ್ತಿದ್ದೆ.

ಮುಂದಿನ ಸಲ ಹೋದರೆ ಔಷಧಿ, ಕನ್ನಡಕ, ಒಂದು ಜೊತೆ ಬಟ್ಟೆ ನಿಮ್ಮ ಜೊತೆಗೇ ಇರಲಿ. ಮತ್ತು ದಿನದ ಮೊದಲ ವಿಮಾನ ಹಿಡಿಯಿರಿ.

ಪ್ರಶ್ನೆ: ಲೇಹ್‌ಗೆ ಹೆಚ್ಚಿನ ವಿಮಾನಗಳು ನಸುಕಿನಲ್ಲೇ ಯಾಕೆ? ದೆಹಲಿಯಲ್ಲಿ ರಾತ್ರಿಯೆಲ್ಲ ನಿದ್ದೆಗೆಟ್ಟು ಕೂರಬೇಕಾಯಿತು.
– ಬ್ಯಾಂಕ್ ಉದ್ಯೋಗಿ, ಶಿವಮೊಗ್ಗ

ಉತ್ತರ: ಸೆಕೆಯ ಕಥೆ ಮೇಲೆ ಹೇಳಿದೆ. ಇನ್ನೊಂದು ಕಾರಣ ಗಾಳಿ ಬೀಸುವ ದಿಕ್ಕು.

ಲೇಹ್ ರನ್‌ವೇಯ ಎರಡು ತುದಿಗೆ 07, 25 ಅಂತ ಹೆಸರು. ದಿಕ್ಸೂಚಿಯ 70 ಡಿಗ್ರಿ, 250 ಡಿಗ್ರಿ ಅಂತ ಅರ್ಥ. ಅಂದರೆ ಸರಿಸುಮಾರು ಪೂರ್ವ, ಪಶ್ಚಿಮ. ಬೇರೆ ಕಡೆ ಗಾಳಿ ನೋಡಿಕೊಂಡು ಯಾವ ತುದಿಯಿಂದ ಬೇಕಾದರೂ ಇಳಿಯುತ್ತಾರೆ. ಲೇಹ್‌ನಲ್ಲಿ ಪೂರ್ವದ ಕಡೆ ಬೆಟ್ಟಗಳು ಎದ್ದು ನಿಂತಿವೆ. ಅದಕ್ಕೇ ಪ್ರಯಾಣಿಕರ ವಿಮಾನಗಳು ಪಶ್ಚಿಮದಿಂದ ಕಣಿವೆಯೊಳಗೆ ಬಂದು ಪೂರ್ವಕ್ಕೆ ಮುಖಮಾಡಿ ಇಳಿಯುತ್ತವೆ. ಹೋಗುವಾಗ ತಿರುಗಿ ಪಶ್ಚಿಮಕ್ಕೇ ಹಾರುತ್ತವೆ. ಬಂದ ಬಾಗಿಲಲ್ಲೇ ವಾಪಸ್.

ಬೆಳಿಗ್ಗೆ ಕಣಿವೆ ಶಾಂತವಾಗಿರುತ್ತದೆ. ಬಿಸಿಲು ಏರಿದ ಹಾಗೆ ಇಳಿಜಾರುಗಳ ಮೇಲಿನ ಗಾಳಿ ಕಾದು ಮೇಲೇಳುತ್ತದೆ. ಆ ಜಾಗ ತುಂಬಲು ಕಣಿವೆಯ ಕೆಳಗಿನಿಂದ, ಅಂದರೆ ಪಶ್ಚಿಮದಿಂದ, ಗಾಳಿ ನುಗ್ಗುತ್ತದೆ. ಮಧ್ಯಾಹ್ನ ಅಲ್ಲಿ ನಿಂತರೆ ದುಪಟ್ಟಾ ನಿಲ್ಲುವುದಿಲ್ಲ. ಹೊರಡುವ ವಿಮಾನಕ್ಕೆ ಅದು ಎದುರುಗಾಳಿ, ಒಳ್ಳೆಯದೇ. ಆದರೆ ಇಳಿಯುವ ವಿಮಾನಕ್ಕೆ ಬೆನ್ನ ಹಿಂದಿನ ಗಾಳಿ. ತೆಳು ಗಾಳಿಯಿಂದಾಗಿ ಮೊದಲೇ ವೇಗ ಜಾಸ್ತಿ, ಅದರ ಮೇಲೆ ಹಿಂದಿನಿಂದ ಯಾರೋ ತಳ್ಳಿದ ಹಾಗೆ. ಹಿಂಗಾಳಿ ಇಷ್ಟಕ್ಕಿಂತ ಜಾಸ್ತಿ ಇದ್ದರೆ ಇಳಿಯಬಾರದು ಅಂತ ಪ್ರತಿ ವಿಮಾನಕ್ಕೂ ಮಿತಿ ಇರುತ್ತದೆ. ಹಾಗಾಗಿ ಗಾಳಿ ಏಳುವ ಮೊದಲೇ ಬಂದು, ಜನ ಹತ್ತಿಸಿಕೊಂಡು, ಹೊರಟುಬಿಡಬೇಕು. ನಿಮ್ಮ ನಿದ್ದೆ ಕೆಟ್ಟದ್ದು ಇದಕ್ಕೇ. ನಾವು ಆ ಚಳಿಯಲ್ಲಿ ನಾಲ್ಕಕ್ಕೇ ಏಳುತ್ತಿದ್ದದ್ದೂ ಇದಕ್ಕೇ.

ಪ್ರಶ್ನೆ: ಆಂಟಿ, ಪ್ರಪಂಚದಲ್ಲೇ ಎತ್ತರದ ವಿಮಾನ ನಿಲ್ದಾಣ ಲೇಹ್ ತಾನೇ? ನಮ್ಮ ಕ್ಲಾಸಿನಲ್ಲಿ ಲುಕ್ಲಾ ಅಂತ ವಾದ ಮಾಡುತ್ತಿದ್ದಾರೆ.
– ಪಿಯುಸಿ ವಿದ್ಯಾರ್ಥಿನಿ, ತುಮಕೂರು

ಉತ್ತರ: ಎರಡೂ ಅಲ್ಲ ಪುಟ್ಟಿ. ಪ್ರಯಾಣಿಕರ ವಿಮಾನ ಇಳಿಯುವ ನಿಲ್ದಾಣಗಳಲ್ಲಿ ಎಲ್ಲಕ್ಕಿಂತ ಎತ್ತರದ್ದು ಚೀನಾದ ದಾವೊಚೆಂಗ್ ಯಾಡಿಂಗ್, 4,411 ಮೀಟರ್. 2013ರಲ್ಲಿ ಶುರುವಾಯಿತು. ಭಾರತದ ಮಟ್ಟಿಗೆ ಲೇಹ್ ಮೊದಲು. ನೇಪಾಳದ ಲುಕ್ಲಾ ಇರುವುದು 2,845 ಮೀಟರ್‌ನಲ್ಲಿ, ಲೇಹ್‌ಗಿಂತ ಕೆಳಗೆ. ಆದರೆ ಅದರ ರನ್‌ವೇ ಬರೀ 527 ಮೀಟರ್ ಉದ್ದ. ಒಂದು ತುದಿಯಲ್ಲಿ ಬೆಟ್ಟ, ಇನ್ನೊಂದು ತುದಿಯಲ್ಲಿ ಪ್ರಪಾತ. ನೂರು ಮೀಟರ್ ಹೋದರೆ ಸುಮಾರು 12 ಮೀಟರ್ ಏರುವಷ್ಟು ಇಳಿಜಾರು. ಇಳಿಯುವಾಗ ಏರಿನ ಕಡೆಗೆ ಇಳಿಯುತ್ತಾರೆ, ಏರೇ ಬ್ರೇಕ್ ಆಗುತ್ತದೆ. ಹೊರಡುವಾಗ ಇಳಿಜಾರಿನಲ್ಲಿ ಓಡಿಸಿ ವೇಗ ತೆಗೆದುಕೊಳ್ಳುತ್ತಾರೆ. ಎಡ್ಮಂಡ್ ಹಿಲರಿಯವರು ಮುಂದೆ ನಿಂತು ಶೆರ್ಪಾ ಜನರ ಜೊತೆ 1964ರಲ್ಲಿ ಅದನ್ನು ಕಟ್ಟಿಸಿದರು. ಡಾಂಬರು ಬಿದ್ದದ್ದು 2001ರಲ್ಲಿ. ಈಗ ಅದಕ್ಕೆ ತೇನ್‌ಸಿಂಗ್–ಹಿಲರಿ ಅಂತ ಹೆಸರು. ಗೆಳತಿಯರಿಗೆ ಇಷ್ಟು ಹೇಳು, ವಾದ ಮುಗಿಯುತ್ತದೆ.

ಪ್ರಶ್ನೆ: ಲೇಹ್‌ನಲ್ಲಿ ಇಳಿದ ಮೊದಲ ವಿಮಾನದಲ್ಲಿ ನಮ್ಮ ಜನರಲ್ ತಿಮ್ಮಯ್ಯನವರು ಇದ್ದರು ಎಂದು ನಮ್ಮ ತಾತ ಹೇಳುತ್ತಿದ್ದರು. ನಿಜವೇ, ಅಥವಾ ಅಭಿಮಾನದ ಮಾತೇ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ನಿಮ್ಮ ತಾತ ಹೇಳಿದ್ದು ನಿಜ. ಈ ಪತ್ರ ಓದಿ ನನಗೆ ಎಷ್ಟು ಖುಷಿಯಾಯಿತು ಅಂದರೆ, ಬೇರೆ ಎಲ್ಲ ಪತ್ರ ಬಿಟ್ಟು ಮೊದಲು ಇದಕ್ಕೇ ಉತ್ತರ ಬರೆದೆ.

1948ರ ಮೇ. ಪಾಕಿಸ್ತಾನದ ಕಡೆಯ ದಾಳಿಕೋರರು ಸಿಂಧೂ ಕಣಿವೆ ಹಿಡಿದು ಲೇಹ್ ಕಡೆಗೆ ಬರುತ್ತಿದ್ದರು. ಊರನ್ನು ಕಾಯಲು ಇದ್ದವರು ಬೆರಳೆಣಿಕೆಯ ಸೈನಿಕರು. ರಸ್ತೆಯಿಂದ ಬೇಗ ಸೈನ್ಯ ಕಳಿಸುವ ದಾರಿ ಇರಲಿಲ್ಲ. ಲಡಾಖ್‌ನವರೇ ಆದ ಸೋನಂ ನೋರ್ಬು ಎಂಬ ಎಂಜಿನಿಯರ್ ಊರ ಜನರನ್ನು ಕಟ್ಟಿಕೊಂಡು ಸಿಂಧೂ ನದಿಯ ಪಕ್ಕದ ಮರಳು ನೆಲದಲ್ಲಿ ಒಂದು ಓಡುಪಟ್ಟಿ ಮಾಡಿದರು. ಮೇ 24ರಂದು ವಾಯುಪಡೆಯ ಏರ್ ಕಮೋಡೋರ್ ಮೆಹರ್ ಸಿಂಗ್ ಒಂದು ಡಕೋಟಾ ವಿಮಾನವನ್ನು ತಾವೇ ಹಾರಿಸಿಕೊಂಡು ಬಂದು ಅಲ್ಲಿ ಇಳಿಸಿದರು. ಅವರ ಜೊತೆಯಲ್ಲಿ ಬಂದವರು ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ. ಆ ಭಾಗದ ಸೈನ್ಯದ ಹೊಣೆ ಅವರದ್ದೇ ಆಗಿತ್ತು.

ಲೆಕ್ಕ ಹಾಕಿದವಳಾಗಿ ಹೇಳುತ್ತೇನೆ, ಅದು ಏನು ಅಂತ ಯೋಚಿಸಿ ನೋಡಿ. ಡಕೋಟಾದಲ್ಲಿ ಈಗಿನ ವಿಮಾನಗಳ ಹಾಗೆ ಒಳಗೆ ಗಾಳಿಯ ಒತ್ತಡ ಕಾಯ್ದುಕೊಳ್ಳುವ ವ್ಯವಸ್ಥೆ ಇಲ್ಲ. ನಕ್ಷೆಯಲ್ಲಿ ಗುರುತಾದ ವಿಮಾನ ಮಾರ್ಗ ಇಲ್ಲ. ಆ ಎತ್ತರದ ಗಾಳಿಯಲ್ಲಿ ಈ ವಿಮಾನ ಇಳಿದು ಮತ್ತೆ ಏಳುತ್ತದೆಯೋ ಅಂತ ಮೊದಲೇ ನೋಡಿದವರಿಲ್ಲ. ಕೆಳಗೆ ಕಾಂಕ್ರೀಟ್ ಇಲ್ಲ, ಹೊಸದಾಗಿ ಸಮ ಮಾಡಿದ ಮಣ್ಣು. ಇಂಥ ಕಡೆಗೆ ಮೊದಲ ವಿಮಾನದಲ್ಲೇ ಒಬ್ಬ ಜನರಲ್ ಹತ್ತಿ ಕೂತರು. ಬೇರೆಯವರನ್ನು ಕಳಿಸುವ ಮೊದಲು ತಾನು ಹೋಗಬೇಕು ಅಂತ ಅಲ್ವಾ? ನಾನು ಹಾಗೇ ತಿಳಿದುಕೊಂಡಿದ್ದೇನೆ. ಆಮೇಲೆ ಅದೇ ಪಟ್ಟಿಯಲ್ಲಿ ಡಕೋಟಾಗಳು ಗೂರ್ಖಾ ಸೈನಿಕರನ್ನು ತಂದು ಇಳಿಸಿದವು. ಲೇಹ್ ಉಳಿಯಿತು.

ತಿಮ್ಮಯ್ಯನವರು 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದದ್ದು ಎಲ್ಲರಿಗೂ ಗೊತ್ತು. ಮಡಿಕೇರಿಯ ಅವರ ಮನೆ ಸನ್ನಿಸೈಡ್ ಈಗ ಮ್ಯೂಸಿಯಂ. ಸೋನಂ ನೋರ್ಬು ಅವರ ಹೆಸರು ನಮ್ಮ ಕಡೆ ಯಾರಿಗೂ ಗೊತ್ತಿಲ್ಲ. ಲೇಹ್‌ನ ದೊಡ್ಡ ಆಸ್ಪತ್ರೆಗೆ ಅವರ ಹೆಸರೇ ಇದೆ. ಎಸ್‌ಎನ್‌ಎಂ ಆಸ್ಪತ್ರೆ ಅಂತ ಬೋರ್ಡ್ ನೋಡಿದರೆ ಅವರನ್ನು ನೆನಪಿಸಿಕೊಳ್ಳಿ. ಇನ್ನು ನಿಲ್ದಾಣಕ್ಕೆ ಇರುವುದು ಲಡಾಖ್‌ನ ಬೌದ್ಧ ಗುರು ಕುಶೋಕ್ ಬಕುಲಾ ರಿನ್ಪೋಚೆಯವರ ಹೆಸರು. ರನ್‌ವೇಯ ಪಶ್ಚಿಮದ ತುದಿಯಲ್ಲಿ, ಗುಡ್ಡದ ಮೇಲೆ ಸ್ಪಿತುಕ್ ಮಠ ಕಾಣುತ್ತದೆ. ಅದು ಅವರ ಮಠ. ಇಳಿಯುವ ಪ್ರತಿ ವಿಮಾನವೂ ಅದನ್ನು ದಾಟಿಯೇ ಬರಬೇಕು.

ಪ್ರಶ್ನೆ: ಅಮ್ಮನಿಗೆ 68 ವರ್ಷ. ಬಿಪಿ ಇದೆ, ಮಾತ್ರೆ ತಗೋತಾರೆ. ವಿಮಾನದಲ್ಲಿ ನೇರವಾಗಿ ಲೇಹ್‌ಗೆ ಕರೆದುಕೊಂಡು ಹೋಗಬಹುದಾ?
– ಮಗಳು, ಮೈಸೂರು

ಉತ್ತರ: ಮೊದಲು ಅವರನ್ನು ನೋಡುವ ಡಾಕ್ಟರ್ ಹತ್ತಿರ ಹೋಗಿ. 3,256 ಮೀಟರ್ ಎತ್ತರಕ್ಕೆ ಹೋಗುತ್ತೇವೆ ಅಂತ ಅಂಕಿ ಸಮೇತ ಹೇಳಿ. ಎತ್ತರಕ್ಕೆ ಅಂತ ಕೊಡುವ ಮಾತ್ರೆಯನ್ನು ಅವರಿವರ ಮಾತು ಕೇಳಿ ತೆಗೆದುಕೊಳ್ಳಬೇಡಿ. ಅವರು ಬೇರೆ ಯಾವ ಮಾತ್ರೆ ತಗೋತಿದ್ದಾರೆ ಅಂತ ನೋಡಿ ಡಾಕ್ಟರೇ ಹೇಳಬೇಕು.

ಡಾಕ್ಟರ್ ಒಪ್ಪಿದರೆ ಹೋಗಬಹುದು. ದೆಹಲಿಯಿಂದ ಒಂದೂಕಾಲು ಗಂಟೆಯ ಹಾದಿ. ಅಷ್ಟರಲ್ಲಿ ದೇಹ ಮೂರು ಸಾವಿರ ಮೀಟರ್ ಮೇಲೆ ಹೋಗಿರುತ್ತದೆ, ಆದರೆ ಅದಕ್ಕೆ ಗೊತ್ತಾಗುವುದು ನಿಧಾನವಾಗಿ. ಇದೇ ಮೋಸ. ಇಳಿದ ತಕ್ಷಣ ಎಲ್ಲರಿಗೂ ಚೆನ್ನಾಗೇ ಇರುತ್ತದೆ. ಬಿಸಿಲು, ಬೆಟ್ಟ, ನೀಲಿ ಆಕಾಶ, ಓಡಾಡೋಣ ಅನಿಸುತ್ತದೆ. ತಲೆನೋವು ಶುರುವಾಗುವುದು ಸಂಜೆ ಅಥವಾ ರಾತ್ರಿ. ಮೊದಲ ಎರಡು ದಿನ ಏನೂ ಇಟ್ಟುಕೊಳ್ಳಬೇಡಿ. ರೂಮು, ಬಿಸಿ ನೀರು, ಮಲಗುವುದು. ಮೆಟ್ಟಿಲು ಕಡಿಮೆ ಇರುವ ಜಾಗ ನೋಡಿ. ನಿಲ್ದಾಣದಲ್ಲಿ ಸೂಟ್‌ಕೇಸ್ ಅಮ್ಮ ಎಳೆಯುವುದು ಬೇಡ.

ಸ್ವಲ್ಪ ತಲೆನೋವು, ನಿದ್ದೆ ಬಾರದಿರುವುದು, ಹಸಿವಾಗದಿರುವುದು ಅಲ್ಲಿ ಬಹಳ ಜನರಿಗೆ ಆಗುತ್ತದೆ. ಆದರೆ ಸುಮ್ಮನೆ ಕೂತಾಗಲೂ ಏದುಸಿರು, ನಿಲ್ಲದ ಕೆಮ್ಮು, ನಡೆಯುವಾಗ ತೂರಾಟ, ಮಾತಿನಲ್ಲಿ ಗೊಂದಲ – ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. ಆ ಹೊತ್ತಿಗೇ ಆಸ್ಪತ್ರೆಗೆ ಹೋಗಿ. ಅದಕ್ಕೆ ನಿಜವಾದ ಮದ್ದು ಕೆಳಗಿಳಿಯುವುದು. ಲೇಹ್‌ನಲ್ಲಿ ಕೆಳಗಿಳಿಯುವ ಬೇಗದ ದಾರಿ ಅಂದರೆ ವಿಮಾನ, ಅದು ಇರುವುದು ಬೆಳಿಗ್ಗೆ. ಅಮ್ಮ "ಏನಿಲ್ಲ, ಸರಿ ಹೋಗುತ್ತೆ" ಅಂತ ಹೇಳುವವರಾದರೆ ನೀವೇ ಗಮನ ಇಟ್ಟು ನೋಡುತ್ತಿರಬೇಕು. ನಮ್ಮ ಅಮ್ಮಂದಿರೆಲ್ಲ ಹಾಗೇ ಹೇಳುವುದು.

ಪ್ರಶ್ನೆ: ರನ್‌ವೇ ಹತ್ತಿರ ಫೋಟೊ ತೆಗೆಯಲು ಬಿಡಲಿಲ್ಲ. ಯಾಕೆ?
– ಓದುಗರು, ಉಡುಪಿ

ಉತ್ತರ: ಅದು ವಾಯುಪಡೆಯ ನೆಲೆ. ಪ್ರಯಾಣಿಕರಿಗೆ ಬಿಟ್ಟಿರುವುದು ಅದರ ಒಂದು ಮೂಲೆ. ಬೇಡ ಅಂದರೆ ಫೋನ್ ಒಳಗಿಡಿ.

ಪ್ರಶ್ನೆ: ನಮ್ಮ ವಿಮಾನ ಲೇಹ್ ಹತ್ತಿರ ಹೋಗಿ, ಎರಡು ಸುತ್ತು ಹೊಡೆದು ದೆಹಲಿಗೇ ವಾಪಸ್ ಬಂತು. ಕೆಳಗೆ ಮೋಡ ಅಷ್ಟೇನೂ ಇರಲಿಲ್ಲ. ಪೈಲಟ್‌ಗೆ ಧೈರ್ಯ ಸಾಲಲಿಲ್ಲವೇ?
– ವ್ಯಾಪಾರಿ, ಹುಬ್ಬಳ್ಳಿ

ಉತ್ತರ: ಸರ್, ವಾಪಸ್ ಬರಲು ಧೈರ್ಯ ಬೇಕು. ಹಿಂದೆ ನೂರಾರು ಜನ ಕೂತಿದ್ದಾರೆ, ಎಲ್ಲರೂ ಬೈಯುತ್ತಾರೆ ಅಂತ ಗೊತ್ತು. ಆದರೂ ತಿರುಗಿಸುತ್ತಾರೆ.

ಲೇಹ್‌ಗೆ ಎಲ್ಲ ಪೈಲಟ್‌ಗಳನ್ನೂ ಕಳಿಸುವುದಿಲ್ಲ. ಅದಕ್ಕೇ ಬೇರೆ ತರಬೇತಿ ಆಗಿರಬೇಕು. ಬಯಲಿನ ಮೇಲೆ ಹಾರುವಾಗ ವಿಮಾನದೊಳಗೆ ಗಾಳಿಯ ಒತ್ತಡ ಹೋದರೆ ಸರ್ರನೆ ಹತ್ತು ಸಾವಿರ ಅಡಿಗೆ ಇಳಿದುಬಿಡುತ್ತಾರೆ, ಅಲ್ಲಿ ಉಸಿರಾಡಬಹುದು. ಹಿಮಾಲಯದ ಮೇಲೆ ಹಾಗೆ ಇಳಿಯುವಂತಿಲ್ಲ. ಕೆಳಗೆ ನುನ್ ಶಿಖರವೇ 7,135 ಮೀಟರ್ ಇದೆ. ಹಾಗಾಗಿ ಎಲ್ಲಿ ಏನಾದರೆ ಯಾವ ಕಡೆ ತಿರುಗಬೇಕು ಅಂತ ದಾರಿಯುದ್ದಕ್ಕೂ ಮೊದಲೇ ಗೊತ್ತುಮಾಡಿಕೊಂಡಿರುತ್ತಾರೆ. ಕೊನೆಯ ಭಾಗದಲ್ಲಿ ಬೆಟ್ಟ, ಕಣಿವೆ ಕಣ್ಣಿಗೆ ಕಾಣಬೇಕು. ನೀವು ನೋಡಿದ್ದು ನಿಮ್ಮ ಕಿಟಕಿಯ ಮೋಡ. ಅವರಿಗೆ ಬೇಕಾದದ್ದು ಕಣಿವೆಯ ತಿರುವಿನಲ್ಲಿ ಮೋಡ ಇಲ್ಲದಿರುವುದು.

ಬೇಸಿಗೆಯಲ್ಲಿ ವಾಪಸ್ ಆದರೆ ನಮಗೆ ಒಂದು ದಿನದ ರಜೆ ಹೋಗುತ್ತದೆ, ಅಷ್ಟೆ. ಚಳಿಗಾಲದಲ್ಲಿ ಆ ಊರಿನವರಿಗೆ ಬೇರೆಯೇ. ಹಿಮ ಬಿದ್ದು ಶ್ರೀನಗರ ದಾರಿಯ ಜೋಜಿ ಲಾ ಘಾಟಿ ಮುಚ್ಚುತ್ತದೆ, ಮನಾಲಿ ದಾರಿಯೂ ಮುಚ್ಚುತ್ತದೆ. ಆಮೇಲೆ ಊರಿಗೆ ಬರಲು, ಊರಿಂದ ಹೋಗಲು ಹೆಚ್ಚಿನವರಿಗೆ ಈ ರನ್‌ವೇ ಒಂದೇ. ಜಮ್ಮುವಿನಲ್ಲಿ ಓದುವ ಮಕ್ಕಳು, ಆಪರೇಶನ್‌ಗೆ ಹೋಗುವವರು, ರಜೆ ಮುಗಿದ ಸೈನಿಕರು, ಎಲ್ಲರೂ ಅಲ್ಲೇ ಕಾಯಬೇಕು.

ಒಂದು ಜನವರಿಯಲ್ಲಿ ಮೂರು ದಿನ ಒಂದೂ ವಿಮಾನ ಇಳಿಯಲಿಲ್ಲ. ವಯಸ್ಸಾದ ಒಬ್ಬ ತಾಯಿ ದಿನಾ ನಸುಕಿನಲ್ಲಿ ಬರುತ್ತಿದ್ದರು. ಮಗಳ ಹೆರಿಗೆಗೆ ದೆಹಲಿಗೆ ಹೋಗಬೇಕಿತ್ತು. ಕೈಯಲ್ಲಿ ಬಟ್ಟೆ ಸುತ್ತಿದ ಒಂದು ಡಬ್ಬಿ. ಕೌಂಟರ್‌ಗೆ ಬಂದು ನನ್ನ ಮುಖ ನೋಡುತ್ತಿದ್ದರು. ನಾನು ತಲೆ ಅಲ್ಲಾಡಿಸುತ್ತಿದ್ದೆ. ಜಗಳ ಇಲ್ಲ, ಇನ್ನೊಂದು ಮಾತಿಲ್ಲ. "ಜುಲೇ" (ಲಡಾಖಿನವರ ನಮಸ್ಕಾರ) ಅಂತ ಕೈ ಮುಗಿದು ಹೋಗುತ್ತಿದ್ದರು. ನಾಲ್ಕನೇ ದಿನ ಬಂದಾಗ ಸ್ಪಿತುಕ್ ಗುಡ್ಡದ ಕಡೆಯಿಂದ ಸದ್ದು ಕೇಳಿಸಿತು. ಅವರು ನನಗಿಂತ ಮೊದಲೇ ಕೇಳಿಸಿಕೊಂಡು ಕಿಟಕಿಯ ಹತ್ತಿರ ಹೋಗಿದ್ದರು. ಅವತ್ತು ಚಳಿ ಎಷ್ಟಿತ್ತು ಅಂದರೆ ಗಾಳಿ ದಟ್ಟವಾಗಿತ್ತು. ಒಂದು ಬ್ಯಾಗನ್ನೂ ಇಳಿಸಲಿಲ್ಲ.